ಗಾಜಿನ ಕೋಣೆ ಸೋಫಾಗಲ್ಲ, ಅಡಿಕೆಗೆ ಕಟ್ಟಿ

ಮನೆ ಪಕ್ಕಕ್ಕೆ ಒಂದು ಗಾಜಿನ ಕೋಣೆ ಎಳೆಯೋದು ಈಗ ಹಳ್ಳಿ ಕಡೆಗೂ ಬಂದಿದೆ. ರೀಲ್ಸ್‌ನಲ್ಲಿ ನೋಡಿರ್ತೀರಿ: ಮೇಲೆ ಗಾಜು, ಸುತ್ತ ಗಾಜು, ಒಳಗೆ ಕುಂಡದ ಗಿಡ, ಒಂದು ಸೋಫಾ, ಕೈಲೊಂದು ಕಾಫಿ ಲೋಟ. ಇಂಗ್ಲೆಂಡಿನವರು ಇಂಥದ್ದಕ್ಕೆ ಆರೆಂಜರಿ ಅಂತಾರೆ. ನಮ್ಮ ಮಲೆನಾಡಿನಲ್ಲೂ ಬೆಂಗಳೂರಿನಿಂದ ವಾಪಸ್ ಬಂದ ಹುಡುಗರು ಗಾಜು ದುಬಾರಿ ಅಂತ ಪಾಲಿಕಾರ್ಬೊನೇಟ್ ಶೀಟ್ ಹಾಕಿ ಇದನ್ನೇ ಕಟ್ಟಿಸ್ತಿದ್ದಾರೆ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಆ ದುಡ್ಡಲ್ಲಿ ಕಟ್ಟಬೇಕಾದ್ದು ಕೂರೋ ಕೋಣೆಯಲ್ಲ, ಫಸಲು ಒಣಗಿಸೋ ಕೋಣೆ.

ಅದು ಹುಟ್ಟಿದ್ದೇ ಬೆಳೆಗಾಗಿ

ಆರೆಂಜರಿ ಅನ್ನೋ ಹೆಸರಲ್ಲೇ ಕಿತ್ತಳೆ ಇದೆ. ಯುರೋಪಿನ ಚಳಿಗೆ ಕಿತ್ತಳೆ, ನಿಂಬೆ ಗಿಡ ಬದುಕಲ್ಲ. ಅದಕ್ಕೆ ದೊಡ್ಡ ಮರದ ತೊಟ್ಟಿಗಳಲ್ಲಿ ಗಿಡ ನೆಟ್ಟು, ಬೇಸಿಗೆಯಲ್ಲಿ ಹೊರಗಿಟ್ಟು, ಚಳಿಗಾಲದಲ್ಲಿ ಒಳಗೆ ಸಾಗಿಸ್ತಿದ್ದರು. ಫ್ರಾನ್ಸಿನ ವರ್ಸೈ ಅರಮನೆಯಲ್ಲಿ 1684ರಿಂದ 1686ರ ನಡುವೆ ಕಟ್ಟಿದ ಆರೆಂಜರಿ ಈಗಲೂ ಇದೆ. ದಕ್ಷಿಣಕ್ಕೆ ಮುಖ, ಎತ್ತರದ ಕಿಟಕಿ, ದಪ್ಪ ಗೋಡೆ. ಬಿಸಿಲು ಒಳಗೆ ಬರಬೇಕು, ಬಂದ ಬಿಸಿ ಹೊರಗೆ ಹೋಗಬಾರದು, ಅಷ್ಟೇ ಲೆಕ್ಕ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ 1761ರಲ್ಲಿ ಇನ್ನೊಂದು ಕಟ್ಟಿದರು. ನೋಡೋಕೆ ಚೆಂದ, ಆದರೆ ಒಳಗೆ ಬೆಳಕು ಸಾಲದೆ ಕಿತ್ತಳೆ ಗಿಡ ಸರಿಯಾಗಿ ಬರಲಿಲ್ಲ. ಈಗ ಅಲ್ಲಿ ಹೋಟೆಲ್ ನಡೀತಿದೆ.

ಅವರಿಗೆ ಬಿಸಿಲೇ ಕೊರತೆ. ನಮಗೆ ಕೂರೋಕೆ ಬೇಕಾದ್ದು ನೆರಳು, ಗಾಳಿ. ಅದನ್ನು ನಮ್ಮ ಜಗಲಿ ಎಂದೋ ಕೊಟ್ಟಿದೆ. ಪಾರದರ್ಶಕ ಸೂರಿನ ಮುಚ್ಚಿದ ಕೋಣೇಲಿ ಬಿಸಿಲಿನ ಮಧ್ಯಾಹ್ನ 50 ಡಿಗ್ರಿ ದಾಟೋದು ಸಾಮಾನ್ಯ. ಅಲ್ಲಿ ಮನುಷ್ಯ ಕೂರಬೇಕಾದ್ರೆ ಎಸಿ ಹಾಕಬೇಕು. ಆದರೆ ಅದೇ ಬಿಸಿ ಅಡಿಕೆಗೆ, ಮೆಣಸಿಗೆ, ಕೊಬ್ಬರಿಗೆ ಚಿನ್ನ.

ಯಾಕೆ ಈಗ ಬೇಕು

ಚಾಲಿ ಮಾಡೋರಿಗೆ ಗೊತ್ತು, ಹಣ್ಣಡಿಕೆ ಅಂಗಳದಲ್ಲಿ ಒಣಗೋಕೆ 40 ದಿನದ ಆಸುಪಾಸು ಬೇಕು. ಕೆಂಪಡಿಕೆಗೆ ಅಷ್ಟು ದಿನ ಬೇಡ, ಆದರೂ ಬೇಯಿಸಿ ಹರವಿದ ಮೇಲೆ ಎರಡು ದಿನ ಮೋಡ ಕಟ್ಟಿದರೆ ಬೂಸ್ಟು. ದೀಪಾವಳಿ ಮುಗಿದರೂ ಮಳೆ ಬಿಡದ ವರ್ಷಗಳನ್ನು ನಾವೆಲ್ಲ ನೋಡಿದ್ದೀವಿ. ಬೂಸ್ಟು ಹಿಡಿದ ಅಡಿಕೆ ಮಂಡಿಗೆ ಹೋದರೆ ದರ ಬೀಳುತ್ತೆ. ವರ್ಷದ ದುಡಿಮೆ ಕೊನೇ ವಾರದಲ್ಲಿ ಹಾಳು.

ಇನ್ನೊಂದು ಲೆಕ್ಕ ಯಾರೂ ಬರೆಯಲ್ಲ. ಮೋಡ ಕಂಡ ಕೂಡಲೇ ಅಡಿಕೆ ರಾಶಿ ಮಾಡೋದು, ಟಾರ್ಪಾಲು ಹೊದಿಸೋದು, ಬಿಸಿಲು ಬಂದರೆ ಮತ್ತೆ ಹರವೋದು. ಈ ಕೆಲಸ ಮಾಡೋರು ಯಾರು? ಹೆಚ್ಚಿನ ಮನೆಗಳಲ್ಲಿ ಅಮ್ಮ, ಅತ್ತಿಗೆ, ಹೆಂಡತಿ. ಅಂಗಳಕ್ಕೆ ಸೂರು ಬಂದರೆ ಮೊದಲು ಉಳಿಯೋದು ಅವರ ಸೊಂಟ. "ಅಜ್ಜನ ಕಾಲದಿಂದ ಅಂಗಳದಲ್ಲೇ ಒಣಗಿಸಿದ್ದೀವಿ" ಅಂತ ಅಪ್ಪ ಅಂದರೆ, ಆ ಕಾಲದ ಮಳೆ ಈಗಿಲ್ಲ, ಆ ಕಾಲದಷ್ಟು ಆಳೂ ಈಗಿಲ್ಲ ಅಂತ ಸಮಾಧಾನವಾಗಿ ಹೇಳಿ.

ಕಟ್ಟೋ ಮುಂಚೆ ಇಷ್ಟು ನೋಡಿ

ದಿಕ್ಕು: ನಮಗೆ ಒಣಗಿಸೋ ಕಾಲ ನವೆಂಬರ್‌ನಿಂದ ಮಾರ್ಚ್. ಅದರಲ್ಲಿ ಬಹುಪಾಲು ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ. ಮನೆಯ ದಕ್ಷಿಣ ಬದಿ ಉತ್ತಮ. ಉತ್ತರದಲ್ಲಿ ಕಟ್ಟಿದರೆ ಡಿಸೆಂಬರ್ ನಡುಮಧ್ಯಾಹ್ನವೇ 10 ಅಡಿ ಗೋಡೆಯ ನೆರಳು ಸುಮಾರು 7 ಅಡಿ ಬೀಳುತ್ತೆ. ಬೆಳಿಗ್ಗೆ, ಸಂಜೆ ಇನ್ನೂ ಉದ್ದ.

ಗಾಳಿ: ಎಲ್ಲಕ್ಕಿಂತ ಮುಖ್ಯ ಇದು. ಬಿಸಿ ಒಂದರಿಂದ ಅಡಿಕೆ ಒಣಗಲ್ಲ, ತೇವ ಹೊರಗೆ ಹೋಗಬೇಕು. ಗಾಳಿ ಬರೋಕೆ ನೆಲದ ಹತ್ತಿರ ಕಿಂಡಿ, ಹೋಗೋಕೆ ಸೂರಿನ ಎತ್ತರದ ತುದಿಯಲ್ಲಿ ಕಿಂಡಿ. ಹಸಿ ಅಡಿಕೆ ಹಾಕಿದ ಮೊದಲ ದಿನಗಳಲ್ಲಿ ಕಿಂಡಿ ಪೂರ್ತಿ ತೆರೆದಿರಲಿ, ತೇವ ಇಳಿದಂತೆ ಕಡಿಮೆ ಮಾಡಿ. ಒಂದು ಪುಟ್ಟ ತೇವಾಂಶ ಮೀಟರ್ ತಂದು ತೂಗುಹಾಕಿ. ಬಿಸಿಲಿರುವ ಮಧ್ಯಾಹ್ನ ಒಳಗಿನ ತೇವಾಂಶ ಹೊರಗಿನದ್ದಕ್ಕಿಂತ ಕಡಿಮೆ ತೋರಿಸದಿದ್ದರೆ ಕಿಂಡಿ ಸಾಲಲ್ಲ ಅಂತಲೇ ಅರ್ಥ.

ಇಳಿಜಾರು: ರಾತ್ರಿ ಶೀಟು ತಣ್ಣಗಾಗಿ ಒಳಗಡೆ ನೀರು ಬೆವರುತ್ತೆ. ಸೂರು ಚಪ್ಪಟೆಯಾಗಿದ್ದರೆ ಆ ಹನಿ ಅಡಿಕೆ ಮೇಲೇ ಬೀಳುತ್ತೆ. ಇಳಿಜಾರು ಚೆನ್ನಾಗಿದ್ದರೆ ಬದಿಗೆ ಜಾರುತ್ತೆ. ಮನೆಯ ಹೆಂಚಿನ ನೀರು ಈ ಸೂರಿಗೆ ಸುರಿಯದಂತೆ ನಡುವೆ ದಂಬೆ ಇರಲೇಬೇಕು.

ಶೀಟು: ಕಡಿಮೆ ಖರ್ಚಿಗೆ ಪಾಲಿಹೌಸ್‌ಗೆ ಹಾಕೋ 200 ಮೈಕ್ರಾನ್ ಯುವಿ ಶೀಟು ಸಾಕು, ಆದರೆ ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು. ಪಾಲಿಕಾರ್ಬೊನೇಟ್ ಆದರೆ ಯುವಿ ಲೇಪನದ ಬದಿಯೇ ಮೇಲೆ ಬರಬೇಕು. ಎರಡು ಪದರದ ಶೀಟಿನ ಕೊಳವೆ ಸಾಲು ಇಳಿಜಾರಿನ ದಿಕ್ಕಿಗೇ ಇರಬೇಕು. 40 ಡಿಗ್ರಿ ಬಿಸಿ ಏರಿಳಿದರೆ 4 ಮೀಟರ್ ಶೀಟು ಸುಮಾರು 1 ಸೆಂಟಿಮೀಟರ್ ಹಿಗ್ಗಿ ಕುಗ್ಗುತ್ತೆ. ಅದಕ್ಕೆ ಸ್ಕ್ರೂ ತೂತು ಸ್ವಲ್ಪ ದೊಡ್ಡದಿರಲಿ, ಬಿಗಿಯಾಗಿ ಜಡಿದರೆ ಅಲ್ಲೇ ಬಿರುಕು.

ಮನೆಯಿಂದ ಅಂತರ: ಮನೆ ಬಾಗಿಲು, ಕಿಟಕಿ ಇದರೊಳಗೆ ತೆರೀಬಾರದು. ಬಿಸಿ, ತೇವ ಎರಡೂ ಮನೆಯೊಳಗೆ ಬರುತ್ತೆ. ಕಿಟಕಿ ಇರೋ ಗೋಡೆಯಾದರೆ ಎರಡು ಮೂರು ಅಡಿ ಬಿಟ್ಟೇ ಕಟ್ಟಿ. ತಾರಸಿ ಮೇಲಾದರೆ ಹಸಿ ಅಡಿಕೆಯ ಭಾರ, ಗಾಳಿಯ ಎಳೆತ ಎರಡನ್ನೂ ಎಂಜಿನಿಯರ್‌ಗೆ ಹೇಳಿ ಒಪ್ಪಿಸಿಕೊಳ್ಳಿ.

ಏನು ಒಣಗಿಸಬಹುದು, ಏನು ಬೇಡ

ಕಾಳುಮೆಣಸನ್ನು ಕುದಿಯೋ ನೀರಲ್ಲಿ ಒಂದು ನಿಮಿಷ ಅದ್ದಿ ತೆಗೆದು ಹರವಿದರೆ ಬೇಗ ಒಣಗುತ್ತೆ, ಬಣ್ಣವೂ ಒಂದೇ ಸಮ ಬರುತ್ತೆ. ಹಪ್ಪಳ, ಸಂಡಿಗೆ, ಬಾಳೆಕಾಯಿ ಎಲ್ಲಾ ಆಗುತ್ತೆ, ಧೂಳಿಲ್ಲ, ಕಾಗೆಯಿಲ್ಲ. ಏಲಕ್ಕಿ ಮಾತ್ರ ಬೇಡ, ನೇರ ಬಿಸಿಲಿಗೆ ಹಸಿರು ಬಣ್ಣ ಹೋಗುತ್ತೆ. ಬಿತ್ತನೆ ಬೀಜವನ್ನಂತೂ ಇಡಲೇಬೇಡಿ, ಆ ಬಿಸಿಗೆ ಮೊಳಕೆ ಸಾಯುತ್ತೆ. ಮಾರ್ಚ್ ಕಳೆದ ಮೇಲೆ ಶೀಟಿನ ಕೆಳಗೆ ನೆರಳು ಪರದೆ ಕಟ್ಟಿ, ಕಿಂಡಿಗಳನ್ನು ತೆರೆದಿಟ್ಟು, ಮೆಣಸಿನ ಬಳ್ಳಿ ತುಂಡುಗಳನ್ನು ಕೊಟ್ಟೆಗೆ ಹಾಕಿ ಬೇರು ಬಿಡಿಸಿ. ಕಿತ್ತಳೆ ಗಿಡ ಕಾಯೋಕೆ ಹುಟ್ಟಿದ ಕೋಣೆ ಇಲ್ಲೂ ಸಸಿ ಕಾಯ್ದ ಹಾಗಾಯ್ತು.

ಕೊನೇ ಮಾತು ದುಡ್ಡಿನದ್ದು. ಕೂರೋ ಕೋಣೆಗೆ ಸಾಲ ಮಾಡಿದರೆ ಕಂತು ತೋಟವೇ ಕಟ್ಟಬೇಕು. ಒಣಗಿಸೋ ಕೋಣೆ ತನ್ನ ಕಂತನ್ನು ತಾನೇ ದುಡೀಬಹುದು. ಸಬ್ಸಿಡಿ ಇದೆಯಾ ಅಂತ ತೋಟಗಾರಿಕೆ ಇಲಾಖೆಯಲ್ಲೂ, ಕಾಯಂ ಕಟ್ಟಡವಾದರೆ ಪರವಾನಗಿ ಬೇಕಾ ಅಂತ ಗ್ರಾಮ ಪಂಚಾಯಿತಿಯಲ್ಲೂ ವಿಚಾರಿಸಿ. ಗುಂಡಿ ತೋಡೋ ಮುಂಚೆಯೇ ಕೇಳಿ, ಸೂರು ಹಾಕಿದ ಮೇಲಲ್ಲ. ಈ ಸಲದ ಕೊಯ್ಲಿಗೆ ಕೋಣೆ ಬೇಕಾದ್ರೆ ಮಳೆಗಾಲ ಹಿಡಿಯೋ ಮೊದಲೇ ಕಂಬ ನಿಲ್ಲಬೇಕು.