ನೆಲದಡಿಯ ನೆಲ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಕಟ್ಟಿದ ಮನೆಯ ನೆಲವನ್ನು ಕಿತ್ತು ನೋಡು ಎಂಬ ಮೂರನೆಯ ಮಾತನ್ನು ಅವರು ಸೇರಿಸಲಿಲ್ಲ. ಸೇರಿಸಿದ್ದರೆ ನನಗೆ ಮೊದಲೇ ಬುದ್ಧಿ ಬರುತ್ತಿತ್ತೋ ಏನೋ. ಕಳೆದ ಬೇಸಗೆಯಲ್ಲಿ ಆ ಅನುಭವವೂ ನನ್ನ ಪಾಲಿಗೆ ಬಂದೊದಗಿತು. ವಾಚಕರ ಮನೆಗಳಲ್ಲಿಯೂ ಇಂಥ ನೆಲಗಳು ಹುದುಗಿರಬಹುದಾದ್ದರಿಂದ ಅದನ್ನು ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ಬೆಂಗಳೂರಿನ ಜಯನಗರದಲ್ಲಿರುವ ನಮ್ಮ ಮನೆಯನ್ನು ತಂದೆಯವರು 1963ರಲ್ಲಿ ಕಟ್ಟಿಸಿದರು. ಸಂಬಳ ಚಿಕ್ಕದು, ಸಾಲ ದೊಡ್ಡದು. ಆದರೂ ನಡುಮನೆಗೆ ಮಾತ್ರ ಮೊಸಾಯಿಕ್ ನೆಲವನ್ನೇ ಹಾಕಿಸಿದರು. ಕೆನೆಬಣ್ಣದ ನೆಲ, ಅದರಲ್ಲಿ ಹಸಿರು, ಕಪ್ಪು ಕಲ್ಲಿನ ಚೂರುಗಳು, ಸುತ್ತಲೂ ಒಂದು ಗೇಣಗಲದ ಕೆಂಪು ಅಂಚು. ಆ ಅಂಚಿನ ಮೇಲೆ ಬಳಪದ ಕಡ್ಡಿಗಳನ್ನು ಸಾಲಾಗಿ ಇಟ್ಟು ನಾನು ರೈಲು ಓಡಿಸಿದ್ದೇನೆ.

1996ರಲ್ಲಿ ನಾನು ಸಂಪಾದಿಸುವವನಾಗಿದ್ದೆ. ಬೀದಿಯ ಮನೆಗಳಿಗೆಲ್ಲ ಒಂದೊಂದಾಗಿ ಹೊಳೆಯುವ ಬಿಳಿಯ ಸೆರಾಮಿಕ್ ಬಿಲ್ಲೆಗಳು ಬಂದವು. ನಮ್ಮ ಮನೆಗೂ ಬರಬೇಕೆಂದು ನಾನು ಹಟ ಹಿಡಿದೆ. ತಂದೆಯವರು, “ಚೆನ್ನಾಗಿರುವುದನ್ನು ಯಾಕೆ ಮುಚ್ಚುತ್ತೀಯೋ?” ಎಂದು ಒಂದೇ ಸಲ ಕೇಳಿದರು. ಎರಡನೆಯ ಸಲ ಕೇಳಲಿಲ್ಲ. ಕೆಲಸದವರು ನಡುಮನೆಯಲ್ಲಿ ಉಳಿ ಸುತ್ತಿಗೆ ಹಿಡಿದು ಕುಳಿತಿದ್ದ ಆ ಎರಡು ದಿನವೂ ಹೊರಗಿನ ಜಗಲಿಯಲ್ಲಿ ಕುಳಿತು ಪತ್ರಿಕೆಯನ್ನು ಓದಿದರು. 2004ರಲ್ಲಿ ತೀರಿಕೊಳ್ಳುವವರೆಗೂ ಆ ವಿಷಯವನ್ನು ಅವರು ಮತ್ತೆ ಎತ್ತಲೇ ಇಲ್ಲ.

ಕಳೆದ ವರ್ಷ ಗೌರಿಹಬ್ಬದ ಹಿಂದಿನ ದಿನ, ಸ್ನಾನ ಮುಗಿಸಿ ಬರುತ್ತಿದ್ದ ನನ್ನ ತಾಯಿ ಆ ಬಿಲ್ಲೆಗಳ ಮೇಲೆ ಜಾರಿ ಬಿದ್ದರು. ಅವರಿಗೆ ಎಂಬತ್ತಾರು ವಯಸ್ಸು, ಕಣ್ಣು ಮಂದ. ಬಲಗೈಯ ಮಣಿಕಟ್ಟಿನ ಮೂಳೆ ಮುರಿಯಿತು. ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದವರು ಒಂದು ರಾತ್ರಿ ನನ್ನನ್ನು ಕರೆದು, “ಆ ಹಳೆಯ ನೆಲವಾಗಿದ್ದರೆ ಕೆಂಪು ಅಂಚಾದರೂ ಕಾಣುತ್ತಿತ್ತು ಕಣೋ. ಅಂಚು ಬಂದರೆ ಗೋಡೆ ಬಂತು ಅಂತ ತಿಳಿಯುತ್ತಿತ್ತು. ಇದರಲ್ಲಿ ನೀರಿಗೂ ನೆಲಕ್ಕೂ ಒಂದೇ ಬಣ್ಣ,” ಎಂದರು. ದೂರುವ ದನಿಯಲ್ಲಿ ಹೇಳಿದ ಮಾತಲ್ಲ ಅದು. ಆದಕಾರಣವೇ ನನಗೆ ನಿದ್ರೆ ಬರಲಿಲ್ಲ.

ಬಿಲ್ಲೆಯ ಮೇಲೆಯೇ ಇನ್ನೊಂದು ಬಿಲ್ಲೆಯನ್ನು ಅಂಟಿಸಿಬಿಡೋಣ, ಒರಟಾದದ್ದು ಸಿಕ್ಕುತ್ತದೆ ಎಂದು ಮಗನ ಸಲಹೆ. “ಮೊದಲು ಕೆಳಗೇನಿದೆ ನೋಡಬಾರದೇ?” ಎಂದು ಮನೆಯಾಕೆಯ ಪ್ರಶ್ನೆ. ಕೊನೆಗೆ ಗೆದ್ದದ್ದು ಪ್ರಶ್ನೆಯೇ. ಪರಿಚಯದ ಗಾರೆ ಮೇಸ್ತ್ರಿಯೊಬ್ಬರನ್ನು ಕರೆಸಿದೆ. ಎಪ್ಪತ್ತರ ಹತ್ತಿರದ ವಯಸ್ಸಿನವರು. ಅವರು ನೆಲವನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಹೋಗಿ, ಬೀರುವಿನ ಹಿಂದೆ ಟೊಳ್ಳು ಸದ್ದು ಬಂದೆಡೆ ನಿಂತರು. ಅಲ್ಲಿ ಒಂದೇ ಬಿಲ್ಲೆಯನ್ನು, ಉಳಿಯನ್ನು ನೆಟ್ಟಗೆ ನಿಲ್ಲಿಸದೆ ನೆಲಕ್ಕೆ ಓರೆಯಾಗಿ ಹಿಡಿದು ಎಬ್ಬಿಸಿದರು. ಸಿಮೆಂಟಿನ ಪೊರೆಯ ನಡುವೆ ಅಂಗೈಯಗಲದ ಕೆಂಪು ಕಂಡಿತು. ಇಡೀ ಮನೆಯನ್ನು ಅಗೆಯುವ ಮೊದಲು ಹೀಗೆ ಒಂದು ಮೂಲೆಯಲ್ಲಿ ಪರೀಕ್ಷಿಸಿ ನೋಡತಕ್ಕದ್ದು ವಿವೇಕ.

ನಾವು ಮೊಸಾಯಿಕ್ ಎಂದು ಕರೆಯುವ ಈ ನೆಲಕ್ಕೆ ಹೊರನಾಡುಗಳಲ್ಲಿ ಟೆರಾಝೊ ಎಂದು ಹೆಸರು. ಇಟಲಿಯ ವೆನಿಸ್ ಸೀಮೆ ಅದರ ತೌರು. ಅರಮನೆಗಳ ಕೆಲಸದಲ್ಲಿ ಉಳಿದ ಅಮೃತಶಿಲೆಯ ಚೂರುಗಳನ್ನು ಗಾರೆಯಲ್ಲಿ ಕೂಡಿಸಿ, ಉಜ್ಜಿ ನಯಗೊಳಿಸಿದ ಕೆಲಸಗಾರರ ಜಾಣತನದಿಂದ ಅದು ಬೆಳೆಯಿತು. ಹಾಲಿವುಡ್ಡಿನ ಕಾಲುದಾರಿಯಲ್ಲಿ ಚಿತ್ರತಾರೆಯರ ಹೆಸರು ಹೊತ್ತ ನಕ್ಷತ್ರಗಳಿವೆಯಷ್ಟೆ, ಅವೂ ಇದೇ ಟೆರಾಝೊದವು. ನಮ್ಮಲ್ಲಿಯ ಕ್ರಮದಲ್ಲಿ ಕೆಳಗೆ ಕಾಂಕ್ರೀಟಿನ ಹಾಸು, ಅದರ ಮೇಲೆ ಚೂರು ಬೆರೆಸಿದ ಸಿಮೆಂಟು, ಎರಡೂ ಸೇರಿ ಸುಮಾರು 40 ಮಿಲಿಮೀಟರು. ಆದರೆ ಬಣ್ಣವೂ ಕಲ್ಲೂ ಇರುವುದು ಮೇಲಿನ 6ರಿಂದ 12 ಮಿಲಿಮೀಟರಿನಲ್ಲಿ ಮಾತ್ರ. ನಡುನಡುವೆ ಗಾಜಿನ ಪಟ್ಟಿಗಳನ್ನು ನಿಲ್ಲಿಸಿ ನೆಲವನ್ನು ಚೌಕಗಳಾಗಿ ವಿಂಗಡಿಸುತ್ತಾರೆ. ನೆಲ ಬಿರಿಯುವುದಾದರೆ ಆ ಗೆರೆಯಲ್ಲಿಯೇ ಬಿರಿಯಲಿ ಎಂಬುದು ಉದ್ದೇಶ.

ಬಿಲ್ಲೆಗಳೆಲ್ಲ ಎದ್ದ ಮೇಲೆ ನನ್ನ ಅಪರಾಧ ಬಯಲಾಯಿತು. ಹೊಸ ಗಾರೆಗೆ ಹಿಡಿತ ಸಿಕ್ಕಲೆಂದು 1996ರಲ್ಲಿ ನಯವಾದ ಆ ನೆಲಕ್ಕೆ ಮೊಳಕ್ಕೆ ಎರಡರಂತೆ ಉಳಿಯ ಏಟು ಹಾಕಿಸಿದ್ದೆ. ಕೆಂಪು ಅಂಚನ್ನೂ ಬಿಟ್ಟಿರಲಿಲ್ಲ. ಮೇಸ್ತ್ರಿ ಎಣಿಸುತ್ತ ಎಣಿಸುತ್ತ ಮುನ್ನೂರು ದಾಟಿದ ಮೇಲೆ ನಿಲ್ಲಿಸಿದರು. “ಯಾರು ಸ್ವಾಮಿ ಹೀಗೆ ಹೊಡೆಸಿದ್ದು?” ಎಂದರು. ತಂದೆಯವರು ಜಗಲಿಯಲ್ಲಿ ಕುಳಿತು ಕೇಳಿದ್ದು ಈ ಮುನ್ನೂರು ಏಟುಗಳ ಸದ್ದನ್ನು. ಮೇಸ್ತ್ರಿಗೆ ನಾನು ಸುಳ್ಳು ಹೇಳಲಿಲ್ಲ.

ಗುಳಿಗಳನ್ನು ಮುಚ್ಚುವುದು ತಾಳ್ಮೆಯ ಕೆಲಸ. ಪ್ರತಿಯೊಂದರ ಪುಡಿಯನ್ನೂ ಕೆರೆದು, ಒಳಬದಿಯನ್ನು ಬಾಯಿಗಿಂತ ಕೊಂಚ ಅಗಲ ಮಾಡಿ, ನೀರುಣಿಸಿ, ಬಿಳಿ ಸಿಮೆಂಟಿಗೆ ಬಣ್ಣ ಕೂಡಿಸಿ, ಅದೇ ಗಾತ್ರದ ಕಲ್ಲಿನ ಚೂರುಗಳನ್ನು ಒತ್ತಿ ತುಂಬಬೇಕು. ಆಮೇಲೆ ಒಂದು ವಾರ ಒದ್ದೆ ಗೋಣಿತಟ್ಟು ಹೊದಿಸಿಡಬೇಕು. ಬಣ್ಣ ಸರಿಹೊಂದಲು ಏಳು ಮಾದರಿಗಳನ್ನು ಮಾಡಿ ನೋಡಿದರು. ಅರವತ್ತು ವರ್ಷ ಮಾಗಿದ ಕೆನೆಬಣ್ಣ ನಿನ್ನೆಯ ಸಿಮೆಂಟಿಗೆ ಬರಲಾರದು. “ಮಚ್ಚೆ ಉಳಿಯುತ್ತೆ ಸ್ವಾಮಿ, ಆಮೇಲೆ ನನ್ನನ್ನು ಬೈಯಬಾರದು,” ಎಂದು ಮೊದಲೇ ಹೇಳಿಬಿಟ್ಟರು.

ಅಂಟಿಕೊಂಡಿದ್ದ ಸಿಮೆಂಟಿನ ಪೊರೆಗೆ ಆಸಿಡ್ ಸುರಿದರೆ ಬೇಗ ಹೋದೀತೆಂದು ನಾನೊಂದು ಸೀಸೆಯನ್ನು ತಂದಿಟ್ಟಿದ್ದೆ. ಮೇಸ್ತ್ರಿ ಅದನ್ನು ಮನೆಯೊಳಗೇ ಬಿಡಲಿಲ್ಲ. ಅಮೃತಶಿಲೆಯೂ ಸಿಮೆಂಟೂ ಸುಣ್ಣದ ಬಳಗದವು. ಆಸಿಡ್ ಪೊರೆಯನ್ನು ತಿನ್ನುವಾಗಲೇ ಕೆಳಗಿನ ಕಲ್ಲನ್ನೂ ತಿನ್ನುತ್ತದೆ. ನಿಂಬೆಹುಳಿ, ಹುಣಿಸೆಹುಳಿ, ಶೌಚಾಲಯ ತೊಳೆಯುವ ದ್ರಾವಣಗಳೂ ಇಂಥ ನೆಲಕ್ಕೆ ಶತ್ರುಗಳೇ. ಗೃಹಿಣಿಯರು ಇದನ್ನು ನೆನಪಿನಲ್ಲಿಡಬೇಕು. ದಿನದ ಒರೆಸುವಿಕೆಗೆ ಬರಿಯ ನೀರು, ಕೊಳೆಯಾದಾಗ ಕೊಂಚ ಮೃದುವಾದ ಸೋಪಿನ ನೀರು ಸಾಕು.

ಬಳಿಕ ಉಜ್ಜುವ ಯಂತ್ರ ಬಂದಿತು. ಅದರಡಿಯ ಕಾರ್ಬೊರಂಡಮ್ ಕಲ್ಲುಗಳಿಗೆ ಅಂಕಗಳುಂಟು. ಅಂಕ ಏರಿದಂತೆ ಕಲ್ಲು ನಯ. ಮೊದಲು 60ರ ಒರಟು ಕಲ್ಲು, ಆಮೇಲೆ ಸೂಜಿಮೊನೆಯಂಥ ತೂತುಗಳಿಗೆ ಸಿಮೆಂಟಿನ ತಿಳಿ ಸವರಿ ಆರಿಸಿ 120ರದು, ಅನಂತರ 220ರದು. ಎಲ್ಲವನ್ನೂ ನೀರು ಬಿಟ್ಟೇ ಉಜ್ಜಬೇಕು. ಒಣಗಿದ್ದಾಗ ಉಜ್ಜಿದರೆ ಏಳುವ ಸಣ್ಣ ದೂಳು ಕೆಲಸದವರ ಶ್ವಾಸಕೋಶವನ್ನು ಹಾಳುಮಾಡುತ್ತದೆ. ನೀರಿನೊಡನೆ ಬರುವ ಬಿಳಿಯ ರಾಡಿಯನ್ನು ಬಚ್ಚಲಿಗೆ ಬಿಟ್ಟರೆ ಅದು ಕೊಳವೆಯಲ್ಲಿ ಗಟ್ಟಿಕಟ್ಟುತ್ತದೆ. ನಾವು ಅದನ್ನು ಬಕೆಟ್ಟುಗಳಲ್ಲಿ ತುಂಬಿ ಹೊರಗಿಟ್ಟೆವು.

220 ಮುಗಿದ ಸಂಜೆ ಮೇಸ್ತ್ರಿಗೆ ಉತ್ಸಾಹ ಬಂದಿತು. “ಇನ್ನೆರಡು ಕಲ್ಲು ಹಾಕಿ, ಪಾಲಿಷ್ ಕೊಟ್ಟರೆ ಕನ್ನಡಿ ಆಗುತ್ತೆ ಸ್ವಾಮಿ,” ಎಂದರು. ನನಗೂ ಆಸೆಯಾಯಿತು. ಆದರೆ ಕನ್ನಡಿಯಂಥ ನೆಲದಿಂದಲೇ ಅಲ್ಲವೇ ಇಷ್ಟೆಲ್ಲ ಆದದ್ದು? ಮೊಸಾಯಿಕ್ ಎಂದಮಾತ್ರಕ್ಕೆ ಜಾರದೆಂದು ತಿಳಿಯಬಾರದು. ಹೆಚ್ಚು ಮೆರುಗು ಕೊಟ್ಟರೆ ನೀರು ಬಿದ್ದಾಗ ಅದೂ ಜಾರುತ್ತದೆ. ಆದ್ದರಿಂದ ಅಲ್ಲಿಗೇ ನಿಲ್ಲಿಸಿದೆವು. ಬಚ್ಚಲುಮನೆಯ ಬಾಗಿಲಿಗೆ ನೀರು ಹೀರುವ ದಪ್ಪ ಚಾಪೆ ಹಾಕಿ, ಗೋಡೆಗೆ ಹಿಡಿದು ನಡೆಯಲು ಒಂದು ಕಂಬಿಯನ್ನೂ ಹೊಡೆಸಿದೆವು. ವೃದ್ಧರಿರುವ ಮನೆಯಲ್ಲಿ ನೆಲ ಎಂಥದೇ ಇರಲಿ, ಈ ಎರಡನ್ನು ಮರೆಯಬಾರದು.

ಮರುದಿನ ಬೆಳಿಗ್ಗೆ ತಾಯಿಯನ್ನು ನಡುಮನೆಗೆ ಕರೆತಂದೆ. ಅವರು ಕೆಂಪು ಅಂಚಿನ ಮೇಲೆ ಬರಿಗಾಲಿಟ್ಟು ಒಂದು ಕ್ಷಣ ನಿಂತರು. ಆಮೇಲೆ ನನ್ನ ಕೈಬಿಡಿಸಿಕೊಂಡು, ಅಂಚಿನ ಗುಂಟ ದೇವರಮನೆಯ ಬಾಗಿಲವರೆಗೆ ತಾವೇ ನಡೆದು ಹೋದರು. ಹೊಸ್ತಿಲ ಬಳಿ ಬಗ್ಗಿ ನೋಡಿ, “ಇಲ್ಲೇನೋ ಇದು, ಬೆಳ್ಳಗೆ ಚುಕ್ಕಿ ಚುಕ್ಕಿ?” ಎಂದು ಕೇಳಿದರು.

“ನಾನು ಹೊಡೆಸಿದ ಉಳಿಯ ಏಟು ಅಮ್ಮ. ಎಷ್ಟು ಮಾಡಿದರೂ ಹೋಗಲಿಲ್ಲ.”

ತಾಯಿ ಹೆಬ್ಬೆರಳಿನಿಂದ ಒಂದು ಚುಕ್ಕಿಯನ್ನು ಸವರಿ ನೋಡಿದರು.

“ಇರಲಿ ಬಿಡೋ. ನಿಮ್ಮಪ್ಪನ ಮುಖದ ಮೇಲೂ ಸಿಡುಬಿನ ಕಲೆಯಿತ್ತು. ನಾನೇನು ಬೇಡವೆಂದೆನೇ?” ಎಂದು ದೇವರಮನೆಗೆ ಹೋದರು.