ಗುಜರಿಗೆ ಹಾಕುವ ಮುನ್ನ

ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರಿಗೆ,

ಮಾನ್ಯರೇ,

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಬಹಳಷ್ಟು ಹಳೆಯ ಯಂತ್ರಗಳ ಮೇಲೆ ವಿಂಡೋಸ್ 11 ಕೂರುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿರುವ ಅಂಥ ಕಂಪ್ಯೂಟರುಗಳನ್ನು ಗುಜರಿಗೆ ಹಾಕುವ ಮುನ್ನ ಈ ಗಣಿತ ಮಾಸ್ತರನ ಮಾತು ಕೇಳಿ.

ನಾಲ್ಕು ಜಿಬಿ ರ‍್ಯಾಮ್ ಇದ್ದರೆ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಆರಾಮಾಗಿ ಓಡುತ್ತದೆ. ಒಂದು ಪೆನ್‌ಡ್ರೈವಿನಿಂದ ಇಡೀ ಲ್ಯಾಬಿಗೆ ಹಾಕಬಹುದು, ಲೈಸೆನ್ಸಿನ ದುಡ್ಡಿಲ್ಲ. ಕನ್ನಡ ಟೈಪಿಸುವ ಕಗಪ ಕೀಲಿಮಣೆ ವಿನ್ಯಾಸ ಅದರಲ್ಲೇ ಇದೆ. ಲಿಬ್ರೆಆಫೀಸ್, ಜಿಂಪ್, ವಿಎಲ್‌ಸಿ ವಿಂಡೋಸ್‌ನಲ್ಲೂ ನಡೆಯುವುದರಿಂದ, ಹೊಸ ಯಂತ್ರವಿರುವ ಶಾಲೆಯವರೂ ಅವನ್ನೇ ಬಳಸಲಿ. ಇಂಟರ್ನೆಟ್ ಬಾರದ ಊರಿಗೆ ಕಿವಿಕ್ಸ್ ಎಂಬ ತಂತ್ರಾಂಶ ಇದೆ. ಒಮ್ಮೆ ಇಳಿಸಿಕೊಂಡರೆ ಕನ್ನಡ ವಿಕಿಪೀಡಿಯ ಲ್ಯಾಬಿನೊಳಗೇ ತೆರೆಯುತ್ತದೆ.

ದುಡ್ಡಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಅಕ್ಷರ. ಹಿಂದೊಮ್ಮೆ ರಾತ್ರಿಯೆಲ್ಲ ಕೂತು ಟೈಪಿಸಿದ ಪ್ರಶ್ನೆಪತ್ರಿಕೆ ಬೇರೆ ಶಾಲೆಯ ಕಂಪ್ಯೂಟರಿನಲ್ಲಿ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ತೆರೆಯಿತು. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ತೊಡಿಸುತ್ತಿದ್ದವು. ಆ ಫಾಂಟು ಇಲ್ಲದ ಕಡೆ ವೇಷ ಕಳಚುತ್ತದೆ. ಯೂನಿಕೋಡ್‌ನಲ್ಲಿ ಕನ್ನಡದ ‘ಕ’ಗೆ ಅದರದೇ ಸಂಕೇತವಿದೆ, ಎಲ್ಲಿ ತೆರೆದರೂ ಅದು ‘ಕ’ವೇ. ನವಿಲು, ಗುಬ್ಬಿ ಎಂಬ ಮುಕ್ತ ಯೂನಿಕೋಡ್ ಫಾಂಟುಗಳನ್ನು ನಾನು ಅಕ್ಕರೆಯಿಂದ ಬಳಸುತ್ತೇನೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಮುಕ್ತ ಪರಿವರ್ತಕವನ್ನೂ ಕನ್ನಡಿಗರೇ ಬರೆದಿದ್ದಾರೆ.

‘ಬಿಟ್ಟಿ ಸಿಕ್ಕದ್ದು ಕೆಟ್ರ ಯಾರನ್ನ ಕೇಳೂದ್ರಿ?’ ಎಂದು ಸ್ಟಾಫ್‌ರೂಮಿನಲ್ಲಿ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಆದರೆ ಹುಕ್ಕೇರಿಯವರಿಗೆ ಇದರ ಉತ್ತರ ಗೊತ್ತು. 1969ರಲ್ಲಿ ಅಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಕ್ಕೆ ಒಬ್ಬ ಧಣಿಯಿಲ್ಲ, ಸದಸ್ಯರೇ ಒಡೆಯರು. ಮುಕ್ತ ತಂತ್ರಾಂಶವೂ ಬಳಸುವವರು, ತಿದ್ದುವವರು ಕೂಡಿ ಉಳಿಸಿಕೊಂಡ ಸ್ವತ್ತು. ಕೆಟ್ಟದ್ದನ್ನು ತಿದ್ದುವ ಹಕ್ಕು ಎಲ್ಲರಿಗೂ ಇದೆ, ಕಲಿಸುವ ಕೈಗಳಷ್ಟೇ ಬೇಕು.

ಹಾಗೆ ಕಲಿಸುವುದೂ ಹೊಸತಲ್ಲ. 2011ರಿಂದ ನಮ್ಮ ರಾಜ್ಯದಲ್ಲೇ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಜೊತೆಗೂಡಿ ವಿಷಯ ಶಿಕ್ಷಕರ ವೇದಿಕೆಯ ಮೂಲಕ ಶಿಕ್ಷಕರಿಗೆ ಉಬುಂಟು ಎಂಬ ಲಿನಕ್ಸ್ ಕಲಿಸಿದವು. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್‌ನಲ್ಲೇ ಪಾಠ ಕಲಿಯುತ್ತಿದ್ದಾರೆ. ಘಟಪ್ರಭೆಯ ದಂಡೆಯ ಮಕ್ಕಳಿಗೆ ಅದೇಕೆ ಆಗದು?

ಮೂರೂ ತಾಲ್ಲೂಕುಗಳಲ್ಲಿ ಒಂದೊಂದು ಶಾಲೆಯನ್ನು ಆರಿಸಿ, ಶಾಲೆ ಶುರುವಾಗುವ ಮುನ್ನ ಎರಡು ದಿನದ ತರಬೇತಿಗೆ ಆದೇಶ ಹೊರಡಿಸಿ. ಯಂತ್ರಗಳು ಈಗಾಗಲೇ ಇವೆ, ತಂತ್ರಾಂಶಕ್ಕೆ ಟೆಂಡರ್ ಬೇಕಿಲ್ಲ. ಪೆನ್‌ಡ್ರೈವ್ ಹಿಡಿದು ನಾನೇ ಬರುತ್ತೇನೆ.

ತಮ್ಮ ವಿಶ್ವಾಸಿ,
ಮೂಡಲಗಿ ತಾಲ್ಲೂಕಿನ ಒಬ್ಬ ಶಿಕ್ಷಕ