ಸೋಲಿಲ್ಲದ ಜೂಜು ಎಂಬ ಸುಳ್ಳು

ಹೊರನಾಡಿನ ನಮ್ಮ ವಿದ್ಯಾವಂತ ತರುಣರಲ್ಲಿ ಕೆಲವರು ಈಚೆಗೆ ಒಂದು ವಾದ ಹೂಡುತ್ತಿದ್ದಾರೆ: ಆನ್‌ಲೈನಿನಲ್ಲಿ ಕ್ರಿಕೆಟ್ಟಿನ ಮೇಲೆ ಹಣ ಕಟ್ಟುವವರೆಲ್ಲ ಜೂಜುಕೋರರಲ್ಲ, ‘ಆರ್ಬಿಟ್ರೇಜ್’ ಬಲ್ಲವನಿಗೆ ಅದು ಶುದ್ಧ ಗಣಿತ, ಅಲ್ಲಿ ಸೋಲೇ ಇಲ್ಲ. ಈ ವಾದವನ್ನು ಪರೀಕ್ಷಿಸದೆ ಬಿಡಬಾರದೆಂದು ನನಗನ್ನಿಸುತ್ತದೆ.

ಮೊದಲು ಗಣಿತವನ್ನೇ ನೋಡೋಣ. ಸಮಬಲದ ಎರಡು ತಂಡಗಳಿಗೆ ಬುಕ್ಕಿಯೊಬ್ಬ ತಲಾ 1.90 ದರ ಕೊಡುತ್ತಾನೆನ್ನಿ. ಅಂದರೆ ರೂಪಾಯಿ ಕಟ್ಟಿ ಗೆದ್ದವನಿಗೆ ಅಸಲೂ ಸೇರಿ ಒಂದು ರೂಪಾಯಿ ತೊಂಬತ್ತು ಪೈಸೆ. ಎರಡೂ ಕಡೆ ಐದೈದು ಸಾವಿರ ಬಿದ್ದರೆ ಅವನಿಗೆ ಬರುವುದು 10,000, ಅವನು ಕೊಡುವುದು 9,500. ಯಾರು ಗೆದ್ದರೂ 500 ಅವನದು. ಆದರೆ ಎಲ್ಲ ಬುಕ್ಕಿಗಳ ದರ ಒಂದೇ ಇರುವುದಿಲ್ಲ. ಒಬ್ಬನಲ್ಲಿ ಭಾರತಕ್ಕೆ 2.10, ಇನ್ನೊಬ್ಬನಲ್ಲಿ ಆಸ್ಟ್ರೇಲಿಯಕ್ಕೆ 2.05 ಇರುವ ಗಳಿಗೆಯಲ್ಲಿ ಮೊದಲನೆಯದಕ್ಕೆ 4,940, ಎರಡನೆಯದಕ್ಕೆ 5,060 ಕಟ್ಟಿದವನಿಗೆ, ಯಾವ ತಂಡ ಗೆದ್ದರೂ ಸುಮಾರು 10,373 ರೂಪಾಯಿ ಮರಳುತ್ತದೆ. ಈ 373 ರೂಪಾಯಿಯೇ ಆರ್ಬಿಟ್ರೇಜಿನ ಫಲ. ಲೆಕ್ಕ ಸರಿಯಾಗಿದೆ, ಒಪ್ಪುತ್ತೇನೆ.

ಆದರೆ ಲೆಕ್ಕದ ಹೊರಗೂ ಒಂದು ಲೋಕವಿದೆ. ಎರಡೂ ಪಣಗಳನ್ನು ಒಂದೇ ಕ್ಷಣದಲ್ಲಿ ಕಟ್ಟಲಾಗದು. ಭಾರತದ ಮೇಲೆ ಕಟ್ಟಿ ಇನ್ನೊಂದಕ್ಕೆ ಕೈಹಾಕುವಷ್ಟರಲ್ಲಿ ಭಾರತದ ವಿಕೆಟ್ ಬಿದ್ದು ಆಸ್ಟ್ರೇಲಿಯದ ದರ ಕುಸಿದರೆ, ನಮ್ಮ ಗಣಿತಜ್ಞ ಅಲ್ಲಿಯೇ ಸಾಮಾನ್ಯ ಜೂಜುಕೋರ. ದರ ಕಣ್ತಪ್ಪಿನಿಂದ ಬಂದಿತ್ತೆಂದು ಸಾರಿ ಪಣವನ್ನು ರದ್ದುಮಾಡುವ ಷರತ್ತನ್ನು ಬುಕ್ಕಿ ಮೊದಲೇ ಬರೆದಿಟ್ಟಿರುತ್ತಾನೆ. ಇಷ್ಟಾಗಿಯೂ ಗೆಲ್ಲುತ್ತಲೇ ಇರುವವನನ್ನು ಗುರುತಿಸಿ, ಅವನ ಪಣದ ಮಿತಿಯನ್ನು ಪುಡಿಗಾಸಿಗೆ ಇಳಿಸುತ್ತಾನೆ, ಇಲ್ಲವೆ ಖಾತೆಯನ್ನೇ ಮುಚ್ಚುತ್ತಾನೆ. ಸೋಲುವವನಿಗೆ ಮಾತ್ರ ಆ ಬಾಗಿಲು ಸದಾ ತೆರೆದಿರುತ್ತದೆ. ಆಗ ತಮ್ಮನ, ಗೆಳೆಯನ, ಹೆಂಡತಿಯ ಹೆಸರಿನಲ್ಲಿ ಖಾತೆಗಳು ಹುಟ್ಟುತ್ತವೆ. ಗಣಿತವೆಂದು ಆರಂಭವಾದುದು ವಂಚನೆಯಲ್ಲಿ ಮುಂದುವರಿಯುತ್ತದೆ.

ಹಣ ಸಿಕ್ಕಿಕೊಂಡರೆ ದೂರುವುದು ಯಾರಲ್ಲಿ? ಬ್ರಿಟನ್ನಿನಲ್ಲಿ 2005ರ ಜೂಜು ಕಾಯ್ದೆಯು ಪಣದ ಕರಾರಿಗೆ ನ್ಯಾಯಾಲಯದ ಮಾನ್ಯತೆ ಕೊಟ್ಟಿತು. ನಮ್ಮಲ್ಲಿ 1872ರ ಕರಾರು ಕಾಯ್ದೆಯ 30ನೇ ಕಲಮಿನಂತೆ ಪಣದ ಕರಾರು ಶೂನ್ಯ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯಂತೂ ಹಣ ಕಟ್ಟಿಸಿಕೊಳ್ಳುವ ಇಂಥ ಆಟಗಳ ವ್ಯವಹಾರವನ್ನೇ ನಿಷೇಧಿಸಿದೆ.

‘ವ್ಯಾಪಾರಿಯೂ ಅಗ್ಗದಲ್ಲಿ ಕೊಂಡು ತುಟ್ಟಿಗೆ ಮಾರುವುದಿಲ್ಲವೆ?’ ಎಂದು ಕೇಳುವವರಿದ್ದಾರೆ. ವಿಜಾಪುರದ ಜೋಳವನ್ನು ಮುಂಬಯಿಗೆ ತಂದು ಮಾರಿದವನಿಗೆ ಲಾಭವಾಯಿತು, ನಿಜ. ಇಲ್ಲೊಬ್ಬನ ಹಸಿವೂ ತೀರಿತು. ಈ 373 ರೂಪಾಯಿ ಬಂದುದೆಲ್ಲಿಂದ? ಬುಕ್ಕಿಯ ಗಲ್ಲಾಪೆಟ್ಟಿಗೆಯನ್ನು ತುಂಬುವ ಸೋತವರ ಜೇಬಿನಿಂದ. ಇದೇ ಮುಂಬಯಿಯ ಗಿರಣಿ ಕಾರ್ಮಿಕರು ಒಂದು ಕಾಲದಲ್ಲಿ ಮಟ್ಕಾಕ್ಕೆ ಕೂಲಿ ಸುರಿದರು. ಅಲ್ಲಿ ಕನಸಿನಲ್ಲಿ ಕಂಡ ಅಂಕಿ, ಇಲ್ಲಿ ಗಣಕಯಂತ್ರ ತೋರಿಸಿದ ಅಂಕಿ, ಉಳಿದುದೆಲ್ಲ ಒಂದೇ.

ಹಗಲು ಹೋಟೆಲುಗಳಲ್ಲಿ ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಲೆಕ್ಕ ಕಲಿತವರು ಈ ನಗರದಲ್ಲಿ ನಮಗೊಂದು ನೆಲೆ ಕಟ್ಟಿಕೊಟ್ಟರು. ಅವರ ಮೊಮ್ಮಕ್ಕಳಿಗೆ ನೀತಿಬೋಧೆಯೊಂದೇ ಸಾಲದು. ನಮ್ಮ ಸಂಘಗಳು ಈ ಲೆಕ್ಕವನ್ನೇ ಹಲಗೆಯ ಮೇಲೆ ಕೊನೆಯ ಸಾಲಿನವರೆಗೂ ಬಿಡಿಸಿ ತೋರಿಸಲಿ.